ಬಾಗಿಲು ಕೇಳಿದ ಹೆಸರು

"ಇದರಲ್ಲಿ ಎಲ್ಲಾ ಇದೆ," ಎಂದು ರವೀಂದ್ರ ಪೆನ್‌ಡ್ರೈವನ್ನು ಮೇಜಿನ ಮೇಲೆ ಇತ್ತ ಜಾರಿಸಿದ. "ತಗೊಳ್ಳಿ ಮೇಡಂ. ಕಾಫಿ ಕುಡಿದು ಹೊರಡಿ."

ಅಪರ್ಣ ಅದನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಕಣ್ಣಾಡಿಸಿದಳು. ಹೊರಕ್ಕೆಳೆದು, ಅದು ಬಂದ ದಾರಿಯಲ್ಲೇ ವಾಪಸು ಜಾರಿಸಿದಳು.

"ಇದರಲ್ಲಿ ಇವತ್ತು ಮಾತ್ರ ಇದೆ. ನನಗೆ ಬೇಕಾಗಿರೋದು ನಿನ್ನೆ, ಮೊನ್ನೆ."

ಕಿಟಕಿಯ ಪಕ್ಕ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ ಸಬ್ ಇನ್‌ಸ್ಪೆಕ್ಟರ್ ದೇವರಾಜು ಹುಬ್ಬೇರಿಸಿದ. "ಅಂಗಂದ್ರೆ?"

"ಪ್ರೋಗ್ರಾಂ ಬರೆಯೋರು ಏನನ್ನ ತಿದ್ದಿದ್ರೂ ಅದರ ಜಾಡು ಒಂದು ಕಡೆ ಉಳಿಯತ್ತೆ ಸಾರ್. ಯಾರು ತಿದ್ದಿದ್ರು, ಯಾವತ್ತು, ಯಾವ ಸಾಲು ಅಳಿಸಿದ್ರು, ಎಲ್ಲಾ. ಅದಕ್ಕೆ ರೆಪೊಸಿಟರಿ ಅಂತಾರೆ. ಇವರು ನನಗೆ ಕೊಟ್ಟಿರೋದು ಕೊನೇ ಪ್ರತಿ ಒಂದೇ. ಯಾರ ಕೈ ಬಿದ್ದಿದೆ ಅನ್ನೋ ಗುರುತೇ ಇದರಲ್ಲಿಲ್ಲ."

ಆ ಗುರುತಿಗಾಗಿಯೇ ಅಪರ್ಣ ಶ್ರೀರಂಗಪಟ್ಟಣದಿಂದ ಪಾಂಡವಪುರದ ಈ ಆಫೀಸಿಗೆ ಬಂದದ್ದು. ಕಿಕ್ಕೇರಿ ಹತ್ತಿರ ನಾಲೆಗಿಳಿದು ಎತ್ತು ತೊಳೆಯುತ್ತಿದ್ದ ಕೆಂಪಣ್ಣ, ಸೈರನ್ ಕೂಗದೆಯೇ ಎದ್ದ ಗೇಟಿನ ನೀರಿಗೆ ಸಿಕ್ಕಿ ಸತ್ತಿದ್ದ. ಸೈರನ್ ಒತ್ತಲಿಲ್ಲವೆಂಬ ಆರೋಪದ ಮೇಲೆ ಗೇಟು ಕಾಯುವ ತಿಮ್ಮರಾಜು ಜೈಲು ಸೇರಿದ್ದ.

ಗೇಟನ್ನು ಎತ್ತುವ, ಇಳಿಸುವ ಪ್ರೋಗ್ರಾಂ ಬರೆದದ್ದು ಈ ಜಲಸೂತ್ರ ಕಂಟ್ರೋಲ್ಸ್ ಕಂಪನಿ. ಅದರ ಮುಖ್ಯಸ್ಥ ರವೀಂದ್ರ. ಅಲ್ಲಿಯೇ ಕೆಲಸ ಮಾಡುವ ರಂಜಿತ, ತಿಮ್ಮರಾಜುವಿನ ಮಗಳು. ಹೊಣಕೆರೆಯ ಆ ಹುಡುಗಿ ಈಗ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಕಟ್ಟಿಕೊಂಡು ನಿಂತಿದ್ದಳು. ತನಗೆ ಸಂಬಳ ಕೊಡುವವನ ಮುಖವನ್ನು ನೆಟ್ಟ ನೋಟದಿಂದ ನೋಡುತ್ತಿದ್ದಳು.

"ಆ ಸಾಲು ಬರ್ದಿದ್ದು ನಾನು," ಎಂದಳು. "ಸೈರನ್ ಕೂಗದೆ ಇದ್ರೆ ಗೇಟು ಏಳಕೂಡ್ದು. ಅಷ್ಟೇ ಇದ್ದದ್ದು ಅದ್ರಲ್ಲಿ. ಈಗಿರೋ ಪ್ರೋಗ್ರಾಮಲ್ಲಿ ಅದಿಲ್ಲ. ಅಳಿಸ್ದೋರು ಯಾರು ಅಂತ ನಂಗೆ ಗೊತ್ತಾಗ್ಬೇಕು."

"ರಂಜಿತಾ, ನೀನು ರಜೆಯಲ್ಲಿದ್ದೀಯ," ಎಂದ ರವೀಂದ್ರ ಮೆಲ್ಲಗೆ.

"ರಜ ಕೊಟ್ಟೋರು ನೀವು ಸಾರ್. ಕೇಳ್ದೋಳಲ್ಲ ನಾನು."

ಅಪರ್ಣ ಕೋರ್ಟಿನ ಆದೇಶವನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಪ್ರೋಗ್ರಾಮಿನ ಪೂರ್ತಿ ಚರಿತ್ರೆಯನ್ನು ಇಂದು ಆಫೀಸು ಮುಚ್ಚುವುದರೊಳಗೆ, ಪೊಲೀಸರ ಎದುರಿನಲ್ಲಿ ನೋಡಲು, ತಿಮ್ಮರಾಜುವಿನ ಪರದ ಕಂಪ್ಯೂಟರ್ ತಜ್ಞೆಯಾದ ಅವಳಿಗೆ ಅನುಮತಿ ಇತ್ತು. ನಾಳೆ ತಿಮ್ಮರಾಜುವಿನ ಜಾಮೀನು ಅರ್ಜಿ ವಿಚಾರಣೆಗೆ ಬರುವುದಿತ್ತು.

"ಆದೇಶಕ್ಕೆ ನಾನು ಅಡ್ಡ ಬರ್ತಿಲ್ಲ," ರವೀಂದ್ರ ಕುರ್ಚಿಗೆ ಒರಗಿದ. "ಆದರೆ ರೆಪೊಸಿಟರಿ ಈ ಕಟ್ಟಡದಲ್ಲಿಲ್ಲ, ಹೊರಗಿನ ಸರ್ವರಲ್ಲಿದೆ. ಅದು ನಮ್ಮ ಆಫೀಸಿನ ಜಾಲದಿಂದ ಬಂದವರಿಗೆ ಮಾತ್ರ ತೆರೆಯತ್ತೆ. ಇಲ್ಲಿಂದ ಹೊರಗೆ ಹೋಗೋಕೆ ಇರೋದು ಒಂದೇ ದಾರಿ, ಪ್ರಾಕ್ಸಿ. ಆ ಪ್ರಾಕ್ಸಿ ಗಿಟ್ ಬಿಡ್ತಾ ಇಲ್ಲ, ಅಂದ್ರೆ ರೆಪೊಸಿಟರಿ ತರಿಸೋ ಪ್ರೋಗ್ರಾಮನ್ನ. ಬೆಂಗಳೂರಿಗೆ ಬರೆದಿದೀನಿ. ಸರಿ ಮಾಡೋಕೆ ಒಂದು ವಾರ ಕೇಳಿದಾರೆ."

"ಒಂದು ವಾರ!" ಎಂದಳು ರಂಜಿತ.

"ಪ್ರಾಕ್ಸಿ ಅಂದ್ರೆ ಏನ್ರೀ?" ದೇವರಾಜು ಅಪರ್ಣಳ ಕಡೆ ತಿರುಗಿದ.

"ಬಾಗಿಲು ಕಾಯೋನು ಸಾರ್. ಒಳಗಿನವರು ಹೊರಗೆ ಏನು ಕೇಳಬೇಕಾದ್ರೂ ಅವನ ಕೈಲಿ ಕೊಟ್ಟು ತರಿಸ್ಕೋಬೇಕು."

"ಅವ್ನು ಬುಡಲ್ಲ ಅಂತಾವ್ರೆ. ಬುಡದೆ ಇದ್ರೆ ಏನ್ ಮಾಡೀರಿ?"

"ಬಿಡಲ್ಲ ಅಂತ ಇವರು ಹೇಳ್ತಿದಾರೆ. ಅವನ ಬಾಯಲ್ಲೇ ಕೇಳೋಣ."

ಅಪರ್ಣ ದೊಡ್ಡ ಕೋಣೆಗೆ ಬಂದು ಖಾಲಿ ಮೇಜೊಂದನ್ನು ಹಿಡಿದಳು. ಕಂಪನಿಯ ಕೇಬಲ್ಲನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿ, ರಂಜಿತ ಹೇಳಿದ ವಿಳಾಸವನ್ನು ಬಡಿದು, ರೆಪೊಸಿಟರಿಯ ಪೂರ್ತಿ ಪ್ರತಿ ಬೇಕೆಂದು ಕೇಳಿದಳು.

ಏನೂ ಆಗಲಿಲ್ಲ. ಕರ್ಸರು ಮಿಣಮಿಣ ಮಿಟುಕುತ್ತ ಕೂತಿತು. ಹುಡುಗರೆಲ್ಲ ಕೆಲಸ ಬಿಟ್ಟು ಇತ್ತ ನೋಡತೊಡಗಿದರು. ರವೀಂದ್ರ ತನ್ನ ಕೋಣೆಯ ಬಾಗಿಲಿಗೆ ಒರಗಿ ನಿಂತ.

"ಆಗಲ್ಲ ಅಂದೈತಾ?" ದೇವರಾಜು ಬಗ್ಗಿ ನೋಡಿದ.

"ಏನೂ ಅಂದಿಲ್ಲ ಸಾರ್. ಅದೇ ವಿಚಿತ್ರ. ಬಾಗಿಲು ಕಾಯೋನು ಬೇಡ ಅಂದಿದ್ರೆ ತಕ್ಷಣ ಬೇಡ ಅಂತಿದ್ದ. ಇದು ಗೋಡೆ. ನಾನು ಬಾಗಿಲು ಬಿಟ್ಟು ಗೋಡೆ ತಟ್ತಾ ಇದೀನಿ."

ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ಕ್ರಿಕೆಟ್ ಸ್ಕೋರು ಓಡುತ್ತಿತ್ತು. ಅದರ ಮುಂದೆ ಕೂತಿದ್ದವನು ಗಡಿಬಿಡಿಯಿಂದ ಮುಚ್ಚಲು ಹೋದ.

"ಮುಚ್ಚಬೇಡಿ," ಅಪರ್ಣ ಅವನ ಕೈ ತಡೆದಳು. "ನಿಮಗೆ ಸ್ಕೋರು ತಂದುಕೊಟ್ಟ ಬಾಗಿಲು ಎಲ್ಲಿದೆ ತೋರಿಸಿ."

ಅವನು ರವೀಂದ್ರನ ಮುಖ ನೋಡಿದ. ದೇವರಾಜು ಅವನ ಮುಖ ನೋಡಿದ. ಬ್ರೌಸರಿನ ಸೆಟ್ಟಿಂಗು ತೆರೆಯಿತು. ಪ್ರಾಕ್ಸಿಯ ವಿಳಾಸ ಅಲ್ಲಿ ಸಲೀಸಾಗಿ ಕೂತಿತ್ತು.

ಬ್ರೌಸರಿಗೆ ಗೊತ್ತಿದ್ದ ಆ ವಿಳಾಸವನ್ನು ಅಪರ್ಣ ತನ್ನ ಗಿಟ್ಟಿಗೂ ಹೇಳಿಕೊಟ್ಟಳು. ಒಂದೇ ಸಾಲಿನ ಮಾತು. ರೆಪೊಸಿಟರಿಯ ವಿಳಾಸವನ್ನೂ, ಸಾಮಾನ್ಯ ವೆಬ್‌ಸೈಟುಗಳು ಹೋಗಿಬರುವ ದಾರಿಯಲ್ಲೇ ಹೋಗುವಂತೆ ಬದಲಿಸಿ ಮತ್ತೆ ಕೇಳಿದಳು.

ಈ ಸಲ ಉತ್ತರ ಕೂಡಲೇ ಬಂತು. ಕೆಂಪಕ್ಷರದಲ್ಲಿ ಒಂದು ಸಂಖ್ಯೆ: 407.

"ನೋಡಿದ್ರಾ?" ರವೀಂದ್ರ ನಕ್ಕ. "ಬಿಡಲಿಲ್ಲ. ನಾನು ಹೇಳಿದ್ದೂ ಅದನ್ನೇ."

ಅಪರ್ಣ ಕುರ್ಚಿಯನ್ನು ಅವನ ಕಡೆ ಪೂರ್ತಿ ತಿರುಗಿಸಿದಳು. ಶ್ರೀರಂಗಪಟ್ಟಣದ ಅರ್ಚಕರ ಮನೆಯ ಹೆಣ್ಣುಮಗಳಿಗೆ ಬಾಗಿಲ ಆಚೆಯೇ ನಿಲ್ಲು ಎಂದವರು ಚಿಕ್ಕಂದಿನಿಂದ ಬೇಕಾದಷ್ಟು ಜನ. ಯಾವ ಬಾಗಿಲು ನಿಜವಾಗಿ ಮುಚ್ಚಿದೆ, ಯಾವುದು ಮುಚ್ಚಿದೆಯೆಂದು ಸುಳ್ಳು ಹೇಳುತ್ತಾರೆ ಎಂಬುದು ಅವಳಿಗೆ ವಾಸನೆಯಲ್ಲೇ ತಿಳಿಯುತ್ತಿತ್ತು.

"ಬಿಡಲ್ಲ ಅನ್ನೋ ಉತ್ತರ ಬೇರೆ ಇದೆ ರವೀಂದ್ರ ಅವರೇ. 403. ನಿಮಗೂ ಗೊತ್ತು. ಇದು 407. ಇದು ಹೋಗಬೇಡ ಅಂತಿಲ್ಲ. ನೀನ್ಯಾರು, ಹೆಸರು ಹೇಳು ಅಂತ ಕೇಳ್ತಿದೆ."

ದೇವರಾಜು ಟೋಪಿಯನ್ನು ಮೇಜಿನ ಮೇಲಿಟ್ಟ. "ಅಂದ್ರೆ ದಾರಿ ಐತೆ?"

"ಮೊದಲಿಂದಲೂ ಇದೆ ಸಾರ್. ಇಲ್ಲಿ ಕೆಲಸ ಮಾಡೋರ ಹೆಸರು, ಪಾಸ್‌ವರ್ಡು ಸಾಕು."

"ನಂದು ಹಾಕ್ತೀನಕ್ಕಾ," ಎಂದು ರಂಜಿತ ದಾಪುಗಾಲಿಟ್ಟು ಬಂದು ತಾನೇ ಬಡಿದಳು. ಮತ್ತೆ 407. ಇನ್ನೊಮ್ಮೆ ಬಡಿದಳು. ಅದೇ ಉತ್ತರ. ಅವಳ ಕೆನ್ನೆ ಬಿಸಿಯಾಯಿತು. "ಯಾರೋ ನನ್ ಪಾಸ್‌ವರ್ಡು ಬದ್ಲಾಯಿಸ್ಬುಟ್ಟವ್ರೆ."

"ರಜೆಯಲ್ಲಿ ಇರೋರದ್ದು ಬದಲಾಯಿಸ್ತೀವಿ. ಕಂಪನಿ ನಿಯಮ," ಎಂದ ರವೀಂದ್ರ.

"ಹಾಗಾದ್ರೆ ನಿಮ್ಮದು ಹಾಕಿ," ಅಪರ್ಣ ಲ್ಯಾಪ್‌ಟಾಪನ್ನು ಅವನತ್ತ ನೂಕಿದಳು. "ಇಲ್ಲ ಅಂದ್ರೆ ಆ ಮಾತನ್ನ ಸಬ್ ಇನ್‌ಸ್ಪೆಕ್ಟರ್ ಎದುರಿಗೆ ಹೇಳಿ. ನಾಳೆ ನ್ಯಾಯಾಧೀಶರಿಗೆ ನಾನು ಹೇಳ್ತೀನಿ."

ರವೀಂದ್ರ ಸಲೀಸಾಗಿ ಬಂದು ಕೂತು, ಅಂಗಿಯ ತೋಳು ಮಡಚಿಕೊಂಡು ಬಡಿದ. ತಪ್ಪು. "ಅರೆ!" ಎಂದು ಮತ್ತೆ ಬಡಿದ. ತಪ್ಪು. ಮೂರನೇ ಸಲ ಬಡಿಯುವಾಗ ಅವನ ಬೆರಳುಗಳು ಒಂದಿಷ್ಟೂ ಅವಸರಪಡಲಿಲ್ಲ. ಅವನ ಲಾಗಿನ್ನಿಗೆ ಬೀಗ ಬಿದ್ದಿದೆಯೆಂದು ಪರದೆ ಹೇಳಿತು.

"ಛೆ. ಲಾಕ್ ಆಗೋಯ್ತಲ್ಲ," ಎಂದ.

"ಬೇಕಂತಲೇ ಮಾಡ್ದ ಸಾರ್ ಇವ್ನು!" ರಂಜಿತ ಕಿರುಚಿದಳು.

"ಸಾಕ್ಷಿ ಇದೆಯಾ?" ರವೀಂದ್ರ ಎದ್ದು ಅಂಗಿಯ ತೋಳು ಇಳಿಸಿಕೊಂಡ. ಆಮೇಲೆ ಕೋಣೆಯತ್ತ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಕಂಪನಿಯ ಪಾಸ್‌ವರ್ಡು ಹೊರಗಿನವರಿಗೆ ಕೊಟ್ಟೋರು ನಾಳೆಯಿಂದ ಕೆಲಸಕ್ಕೆ ಬರೋ ಅಗತ್ಯ ಇಲ್ಲ."

ಹುಡುಗರ ತಲೆಗಳು ಒಂದೊಂದಾಗಿ ಪರದೆಗಳ ಹಿಂದೆ ಇಳಿದವು. ಗಾಜಿನ ಗೂಡಿನಲ್ಲಿ ಕೂತಿದ್ದ ಶಂಕರ್ ಮಾತ್ರ ತಲೆ ತಗ್ಗಿಸಲಿಲ್ಲ, ಎತ್ತಲೂ ಇಲ್ಲ. ಕಂಪನಿಯ ನೆಟ್‌ವರ್ಕು, ಪ್ರಾಕ್ಸಿ ಎಲ್ಲ ಅವನ ಕೈಯಲ್ಲೇ ಇದ್ದವು. ಅಪರ್ಣ ಬಂದಾಗಿನಿಂದ ಅವನು ಒಂದು ಮಾತೂ ಆಡಿರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಕಡೆ ಗಲಾಟೆಯಾಯಿತು. ವಾಚ್‌ಮನ್ನನ ಕೈಯನ್ನು ಬದಿಗೆ ತಳ್ಳಿ ಒಬ್ಬ ಹೆಂಗಸು ಒಳಗೆ ಬಂದಳು. ಬೋಳು ಹಣೆ, ಬರಿಗೈ. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಕೆಂಪಣ್ಣನ ಹೆಂಡತಿ ಚಿಕ್ಕಬೋರಮ್ಮ. ಬೆಳಗಿನಿಂದ ಕಂಪನಿಯ ಗೇಟಿನ ಮುಂದೆ ಕೂತಿದ್ದವಳು.

"ಎಷ್ಟೊತ್ತು ಅಂತ ಕೂತ್ಕಳ್ಳಿ ಆಚ್ಗೆ? ಸಿಕ್ತೇನವ್ವಾ?" ಎಂದು ಅಪರ್ಣಳನ್ನು ಕೇಳಿದಳು.

"ಇಲ್ಲಮ್ಮ. ಒಳಗೆ ಬಿಡೋಕೆ ಒಂದು ಹೆಸರು ಬೇಕು. ಯಾರೂ ಕೊಡ್ತಿಲ್ಲ."

"ಯಾರ್ರೀ ಇವರನ್ನ ಮೇಲಕ್ಕೆ ಬಿಟ್ಟದ್ದು?" ರವೀಂದ್ರ ಗದರಿದ. "ನಿಮ್ಮ ಗಂಡನ್ನ ಕೊಂದವನ ಮಗಳು ಇವಳು. ಇವಳ ಜೊತೆ ಸೇರ್ಕೊಂಡು..."

"ಅವ್ಳು ಯಾರು ಅಂತ ನಂಗೊತ್ತು ಕಣಪ್ಪ," ಚಿಕ್ಕಬೋರಮ್ಮ ಅವನನ್ನು ಅಲ್ಲೇ ನಿಲ್ಲಿಸಿದಳು. "ತಿಮ್ಮರಾಜಣ್ಣ ನೀರ್ಗೆ ಧುಮುಕಿ ನನ್ ಗಂಡನ್ನ ಹಿಡ್ಯಕ್ಕೋಗಿ ಭುಜ ಮುರ್ಕಂಡವ್ನೆ. ಕೊಲ್ಲೋನು ಅಂಗ್ ಮಾಡಾನಾ? ನೀನು ಎಲ್ಲಿಗೆ ಧುಮುಕ್ದೆ ಹೇಳು?"

ಅವಳು ಗಾಜಿನ ಗೂಡಿನ ಕಡೆ ತಿರುಗಿದಳು. ಅಲ್ಲಿದ್ದವನು ಅವಳನ್ನೇ ನೋಡುತ್ತಿದ್ದ.

"ಯಾವೂರ್ಲಾ ಮಗ ನಿಂದು?"

ಶಂಕರ್ ಕುರ್ಚಿ ಹಿಂದೆ ಸರಿಸಿದ. "ಕಿಕ್ಕೇರಿಯಿಂದ ಆಚ್ಗೆ ಕಣವ್ವ. ನಾಲೆ ಏರಿ ಮೇಗ್ಲೂರು."

"ನಿಮ್ಮವ್ವ ಬಟ್ಟೆ ಒಗ್ಯಕ್ಕೆ ಎಲ್ಲೋಗ್ತಾಳೆ?"

ಶಂಕರ್ ಎದ್ದು ಗಾಜಿನ ಬಾಗಿಲು ತೆಗೆದು ಹೊರಗೆ ಬಂದ.

"ಶಂಕರ್," ರವೀಂದ್ರನ ದನಿ ಇಳಿಯಿತು. "ಯೋಚನೆ ಮಾಡು."

"ಕೆಂಪಣ್ಣ ಸತ್ತಾಗಿಂದ ಅದ್ನೇ ಮಾಡ್ತಾ ಇವ್ನಿ ಸಾರ್. ಸಾಕಾಗೋಗೈತೆ." ಅವನು ಅಪರ್ಣಳ ಪಕ್ಕ ಬಗ್ಗಿದ. "ನಂದು ಹಾಕ್ತೀನಿ ಮೇಡಂ. ಪಾಸ್‌ವರ್ಡು ಹೊರಗಿನೋರ್ಗೆ ಕೊಡ್ತಿಲ್ಲ, ನಾನೇ ಬಡೀತಾ ಇವ್ನಿ. ಯಾವ ನಿಯಮನೂ ಮುರೀಲಿಲ್ಲ."

ಹೆಸರು ಸಿಕ್ಕಿದ ಬಾಗಿಲು ತೆರೆಯಿತು. ಆದರೆ ಹೊಸ ತಕರಾರು ಬಂತು: ಆಚೆಯ ಸರ್ವರಿನ ಗುರುತಿನ ಮುದ್ರೆ ನಂಬುವಂಥದ್ದಲ್ಲ.

"ಅದೊಂದು ಯಾವಾಗ್ಲೂ ಇದ್ದದ್ದೇ," ಎಂದ ಶಂಕರ್. "ನಮ್ಮ ಪ್ರಾಕ್ಸಿ ಹೋಗೋ ಬರೋ ಲಕೋಟೆನೆಲ್ಲ ಒಡ್ದು ನೋಡಿ, ಕಂಪನಿ ಮುದ್ರೆ ಒತ್ತಿ ಕಳಿಸ್ತದೆ. ನಿಮ್ ಲ್ಯಾಪ್‌ಟಾಪಿಗೆ ಆ ಮುದ್ರೆ ಪರಿಚಯ ಇಲ್ಲ. ಪರೀಕ್ಷೆ ಮಾಡೋದ್ನೇ ಆಫ್ ಮಾಡ್ಬುಡಿ, ಇಲ್ಲಿ ಎಲ್ರೂ ಅಂಗೇ ಮಾಡಾದು."

"ಬೇಡ. ಪರೀಕ್ಷೆ ಇಲ್ಲದೆ ತಂದದ್ದನ್ನ ನಾಳೆ ಇವರ ವಕೀಲರು ಒಂದೇ ಮಾತಲ್ಲಿ ಎಸೀತಾರೆ. ಮಧ್ಯೆ ಯಾರು ಏನು ಸೇರಿಸಿದ್ರೋ ಅಂತಾರೆ. ಕಂಪನಿ ಮುದ್ರೆಯ ಅಸಲು ನಿಮ್ಮ ಹತ್ರ ಇರತ್ತಲ್ಲ, ಅದನ್ನ ಕೊಡಿ."

ಶಂಕರ್ ಅವಳನ್ನು ಹೊಸದಾಗಿ ನೋಡಿದ. ಆ ಪ್ರಮಾಣಪತ್ರದ ಫೈಲನ್ನು ತಂದುಕೊಟ್ಟ. ಅಪರ್ಣ ಅದನ್ನು ಗಿಟ್ಟಿಗೆ ಪರಿಚಯಿಸಿ ಮೂರನೇ ಸಲ ಕೇಳಿದಳು.

ಸಾಲುಗಳು ಹರಿಯತೊಡಗಿದವು. ಎಷ್ಟೋ ವರ್ಷಗಳ ತಿದ್ದುಪಡಿಗಳು ಒಂದರ ಹಿಂದೊಂದು ಅವಳ ಲ್ಯಾಪ್‌ಟಾಪಿಗೆ ಇಳಿದವು. ರಂಜಿತ ಉಗುರು ಕಚ್ಚುತ್ತ ಬಗ್ಗಿದಳು. ಸೈರನ್ನಿನ ಆ ಒಂದು ಸಾಲನ್ನು ಹುಡುಕುವುದಕ್ಕೆ ತಡವಾಗಲಿಲ್ಲ. ಬರೆದವಳು ರಂಜಿತ. ಕೆಂಪಣ್ಣ ಸಾಯುವುದಕ್ಕೆ ಕೆಲವೇ ದಿನ ಮುಂಚೆ ಅದನ್ನು ಅಳಿಸಿದ್ದರು. ಅಳಿಸಿದವರ ಹೆಸರು ಅಲ್ಲೇ ಇತ್ತು.

ರವೀಂದ್ರ.

ದೇವರಾಜು ಆ ಹೆಸರನ್ನು ಓದಿದ. ನಿಧಾನಕ್ಕೆ ತಲೆಯೆತ್ತಿದ.

"ತಾಳಿ ತಾಳಿ," ರವೀಂದ್ರ ಮೊಬೈಲನ್ನು ಜೇಬಿಗಿಳಿಸಿ ಕೈ ಅಡ್ಡ ಹಿಡಿದ. ಮುಖದಲ್ಲಿ ಗಾಬರಿ ಇರಲಿಲ್ಲ. ಅದನ್ನು ಅಪರ್ಣ ಗಮನಿಸಿದಳು. "ಇವರೇನೋ ಅಡ್ಡದಾರೀಲಿ ತಂದದ್ದು ಇದು. ಅರ್ಧಂಬರ್ಧ ಬಂದಿರಬಹುದು. ಇನ್ನೊಂದು ಸಲ ತರಿಸಿ. ನಿಮ್ಮ ಕಣ್ಣಲ್ಲೇ ನೋಡಿ ಸಾರ್."

"ತರ್ಸಿ ಮೇಡಂ," ಎಂದ ದೇವರಾಜು.

ಅವಳು ಸರ್ವರಿನಲ್ಲಿ ಹೊಸದೇನಿದೆಯೆಂದು ಕೇಳಿದಳು. ಉತ್ತರದ ಜೊತೆಗೆ ಒಂದು ಎಚ್ಚರಿಕೆಯೂ ಬಂತು: ಆಚೆಯ ಚರಿತ್ರೆಯನ್ನು ಬಲವಂತವಾಗಿ ಬದಲಿಸಲಾಗಿದೆ. ಅಪರ್ಣ ಅದೇ ಸಾಲನ್ನು ಮತ್ತೆ ತೆರೆದಳು. ಅಳಿಸಿದ ದಿನ ಅದೇ. ಅಳಿಸಿದ ಸಾಲು ಅದೇ. ಹೆಸರು ಮಾತ್ರ ಬೇರೆ.

ರಂಜಿತ.

"ಈಗ ಸರಿಯಾಗಿ ಬಂತು," ಎಂದ ರವೀಂದ್ರ.

ದೇವರಾಜು ಹುಡುಗಿಯ ಕಡೆ ತಿರುಗಿದ. "ಏನಮ್ಮ ಇದು?"

"ನಾನಲ್ಲ." ರಂಜಿತಳ ದನಿ ನಡುಗಲಿಲ್ಲ. "ನಾನ್ ಬರ್ದಿದ್ನ ನಾನ್ಯಾಕೆ ಅಳಿಸ್ಲಿ? ನಮ್ಮಪ್ಪ ಕಾಯ್ತಿದ್ದ ಗೇಟು ಸಾರ್ ಅದು! ಕೈಗೆ ಬೇಡಿ ಹಾಕ್ಬೇಕಾ, ಹಾಕಿ. ಆದ್ರೆ ನಾನು ಮಾಡ್ದೆ ಅಂತ ನನ್ ಬಾಯಲ್ಲಿ ಬರಾಕಿಲ್ಲ."

"ಒಂದು ನಿಮಿಷ ಸಾರ್," ಎಂದಳು ಅಪರ್ಣ. ಕೇಸಿಗೆ ಸಂಬಂಧವಿಲ್ಲದ ಹೊಸ ಖಾಲಿ ಫೋಲ್ಡರೊಂದನ್ನು ತೆರೆದು ಚಕಚಕ ಬಡಿದಳು. ಪರದೆಯನ್ನು ಅವನ ಕಡೆ ತಿರುಗಿಸಿದಳು. "ಓದಿ."

ಒಂದು ತಿದ್ದುಪಡಿ. ತಿದ್ದಿದವರು: ದೇವರಾಜು, ಸಬ್ ಇನ್‌ಸ್ಪೆಕ್ಟರ್. ದಿನಾಂಕ: ಹೋದ ವರ್ಷದ ಯುಗಾದಿ.

"ಇದ್ಯಾವಾಗ ಮಾಡ್ದೆ ನಾನು!"

"ಮಾಡಿಲ್ಲ. ಗಿಟ್ಟಿನಲ್ಲಿ ಹೆಸರು ಅನ್ನೋದು ನಾವು ಬಡಿದದ್ದು. ತಾರೀಖೂ ಅಷ್ಟೇ. ಯಾರ ಹೆಸರಲ್ಲಿ ಬೇಕಾದ್ರೂ ಬರೀಬಹುದು."

"ಹಾಗಾದ್ರೆ ಮೊದಲು ಬಂದ ನನ್ನ ಹೆಸರಿಗೂ ಬೆಲೆ ಇಲ್ಲ," ರವೀಂದ್ರ ಥಟ್ಟನೆ ಹಿಡಿದುಕೊಂಡ. "ನೀವೇ ಹೇಳಿದ್ರಿ ಮೇಡಂ. ಥ್ಯಾಂಕ್ಸ್."

"ಒಪ್ಪಿದೆ," ಎಂದಳು ಅಪರ್ಣ. "ಹೆಸರು ಸುಳ್ಳು ಹೇಳಬಹುದು. ಆದರೆ ನಾವು ಇಲ್ಲಿ ಕೂತಿದ್ದಾಗಲೇ ಯಾರೋ ಚರಿತ್ರೆ ಬದಲಾಯಿಸಿದ್ರಲ್ಲ, ಅವರೂ ಇದೇ ಬಾಗಿಲಲ್ಲಿ ಹಾದು ಹೋಗಿರಬೇಕು. ಆ ರೆಪೊಸಿಟರಿ ಈ ಜಾಲದಿಂದ ಮಾತ್ರ ತೆರೆಯತ್ತೆ ಅಂದವರು ನೀವೇ. ಹೋಗೋರನ್ನೆಲ್ಲ ಹೆಸರು ಕೇಳಿ, ಲಕೋಟೆ ಒಡೆದು ನೋಡೋ ಕಾವಲುಗಾರ ನಿಮ್ಮಲ್ಲಿದ್ದಾನೆ. ಅವನಿಗೆ ನೆನಪಿರತ್ತೆ."

ರವೀಂದ್ರನ ಕಣ್ಣು ಮೊದಲ ಸಲ ಆಚೀಚೆ ಸರಿಯಿತು.

"ಶಂಕರ್, ಅದನ್ನ ಮುಟ್ಟಬೇಡ. ಆಫೀಸು ಮುಚ್ಚೋ ಹೊತ್ತಾಯ್ತು. ಆದೇಶದ ಸಮಯ ಮುಗೀತು, ಎಲ್ಲರೂ ಹೊರಡಿ."

"ಮುಚ್ಚಿಲ್ವಲ್ಲ ಇನ್ನೂ," ಚಿಕ್ಕಬೋರಮ್ಮ ಬಾಗಿಲ ಹೊಸ್ತಿಲಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. "ಹೆಂಗ್ ಮುಚ್ಚೀಯೋ ಮುಚ್ಚು, ನೋಡ್ತೀನಿ."

ಯಾರೋ ಹುಡುಗ ಕಿಸಕ್ಕೆಂದ. ಶಂಕರ್ ಅಷ್ಟರಲ್ಲೇ ತನ್ನ ಗೂಡಿನಲ್ಲಿ ಕೂತು ಪ್ರಾಕ್ಸಿಯ ದಾಖಲೆ ಬಿಡಿಸುತ್ತಿದ್ದ. ಅಪರ್ಣ, ದೇವರಾಜು, ರಂಜಿತ ಅವನ ಬೆನ್ನಿಗೆ ನಿಂತರು.

"ಸಿಕ್ತು. ಒಳಗಿಂದ ರೆಪೊಸಿಟರಿಗೆ ಕಳ್ಸಿರೋದು. ಈಗ ತಾನೆ." ಅವನು ತಡವರಿಸಿದ. "ಲಾಗಿನ್ನು... ರಂಜಿತಂದು."

"ಅಲ್ಲಿಗೆ ಮುಗೀತು!" ರವೀಂದ್ರ ಹಿಂದಿನಿಂದ ಕೂಗಿದ.

"ಎಲ್ಲಿಗೆ ಮುಗೀತು?" ಅಪರ್ಣ ತಿರುಗಲೇ ಇಲ್ಲ. "ಅವಳ ಲಾಗಿನ್ ಅವಳಿಗೇ ತೆರೀಲಿಲ್ಲ, ಎಲ್ಲರೂ ನೋಡಿದ್ರು. ಅವಳು ನನ್ನ ಪಕ್ಕದಿಂದ ಅಲ್ಲಾಡಿಲ್ಲ. ಆ ಪಾಸ್‌ವರ್ಡು ಬದಲಾಯಿಸಿದವರ ಕೈಯೇ ಇದನ್ನೂ ಮಾಡಿದೆ. ಮೊದಲು ಇಳಿಸಿಕೊಂಡ ಪ್ರತಿ ಹಾಗೇ ನನ್ನ ಹತ್ರ ಇದೆ, ಅದನ್ನ ನಿಮ್ಮ ಸರ್ವರು ಅಳಿಸೋಕಾಗಲ್ಲ. ಶಂಕರ್, ಯಾವ ಕಂಪ್ಯೂಟರಿಂದ ಕಳಿಸಿದ್ದು?"

ರಂಜಿತ ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಹಿಡಿತದಲ್ಲೇ ಅವಳು ಅಳು ತಡೆಯುತ್ತಿದ್ದಾಳೆಂದು ಅಪರ್ಣಳಿಗೆ ಗೊತ್ತಾಯಿತು.

"ಈ ಬಿಲ್ಡಿಂಗ್ದಲ್ಲ ಮೇಡಂ," ಶಂಕರ್ ಪರದೆಗೆ ಮುಖ ತಂದ. "ನಮ್ ಜಾಲದಲ್ಲೇ ಐತೆ, ಆದ್ರೆ... ಇದು ಗೇಟಿನ ಹತ್ರದ ಕಂಟ್ರೋಲ್ ರೂಮು. ತಿಮ್ಮರಾಜಣ್ಣ ಕೂತ್ಕಂತಿದ್ನಲ್ಲ, ಅದೇ ಕಂಪ್ಯೂಟ್ರು."

ದೇವರಾಜು ನೆಟ್ಟಗಾದ. "ಏನ್ ಮಾತಾಡ್ತಿದೀಯ? ಆ ರೂಮ್ಗೆ ಬೀಗ ಜಡ್ದು ಸೀಲ್ ಹಾಕ್ಸಿರೋನು ನಾನು! ಬೀಗದ ಕೈ ನಮ್ಮನೆ ಬೀರುವಿನಲ್ಲೈತೆ."

"ಅಲ್ಲಿ ಫೋನಿದೆಯಾ?" ಅಪರ್ಣ ಕೇಳಿದಳು.

ಶಂಕರ್ ತನ್ನ ಮೇಜಿನ ಫೋನಿನಲ್ಲೇ ಒತ್ತಿ ಸ್ಪೀಕರ್ ಹಾಕಿದ. ರವೀಂದ್ರ ಗೂಡಿನ ಕಡೆ ನುಗ್ಗಿದ. ರಂಜಿತ ಬಾಗಿಲಿಗೆ ಅಡ್ಡ ನಿಂತಳು.

"ಒಂದ್ ಹೆಜ್ಜೆ ಮುಂದಿಟ್ರೆ ನೋಡಿ ಸಾರ್."

ಗಂಟೆ ಹೊಡೆದುಕೊಂಡೇ ಇತ್ತು. ಆಮೇಲೆ ಯಾರೋ ಎತ್ತಿದರು. ಹಿಂದುಗಡೆ ನಾಲೆಯ ನೀರಿನ ಮೊರೆತ. ಗಂಡಸಿನ ದನಿ, ಆರಾಮದ ದನಿ.

"ಹಲೋ, ಸಾರ್? ಆಯ್ತು ಸಾರ್, ನೀವೇಳ್ದಂಗೆ ಹೆಸ್ರು ಬದ್ಲಾಯಿಸ್ಬುಟ್ಟೆ. ಹಳೇದು ಒಂದೂ ಇಲ್ಲ. ಇನ್ನು ಇಲ್ಲಿಂದ ಜಾಗ ಖಾಲಿ ಮಾಡ್ಲಾ?"

ದೇವರಾಜುವಿನ ಕೈ ಫೋನಿನ ಮೇಲೆ ಬಿತ್ತು. ಕರೆ ಕಡಿದುಹೋಯಿತು.

"ಯಾಕೆ ಕಟ್ ಮಾಡಿದ್ರಿ?" ಅಪರ್ಣ ಅವನ ಮೇಲೆ ರೇಗಿದಳು. "ಇನ್ನೊಂದು ಮಾತಾಡಿದ್ರೆ ಯಾರು ಅಂತ ಗೊತ್ತಾಗ್ತಿತ್ತು!"

"ಬ್ಯಾಡ." ಅವನು ಫೋನಿನ ಮೇಲಿಂದ ಕೈ ತೆಗೆಯಲಿಲ್ಲ. "ಇನ್ನೊಂದ್ ಮಾತು ಬ್ಯಾಡ. ಆ ದನಿ ನಂಗ್ ಗೊತ್ತು."

ಗಾಜಿನ ಆಚೆ ರವೀಂದ್ರ ಮತ್ತೆ ನಗತೊಡಗಿದ್ದ. ದೇವರಾಜು ಅವನನ್ನು ನೋಡಲಿಲ್ಲ, ಅಪರ್ಣಳನ್ನೂ ನೋಡಲಿಲ್ಲ. ಹೊಸ್ತಿಲಲ್ಲಿ ಕೂತಿದ್ದ ಚಿಕ್ಕಬೋರಮ್ಮನ ಹತ್ತಿರ ನಡೆದುಹೋಗಿ, ಅವಳೆದುರಿಗೆ ಕುಕ್ಕರುಗಾಲಿನಲ್ಲಿ ಕೂತ.

"ಅವ್ನು ನಮ್ಮನೇಲೇ ಇರೋ ನನ್ ಒಡಹುಟ್ಟಿದ ತಮ್ಮ ಕಣಮ್ಮ," ಎಂದ.